ಕೆಂಪು ಶಾಯಿಯ ಮಹಾಪ್ರಾಣ

“ಅಲ್ಪವಿರಾಮ,” ಎಂದು ಅವನು ಗಟ್ಟಿಯಾಗಿ ಓದಿದ. ಅಡುಗೆಮನೆಯ ಮೇಜಿನ ಆಚೆ ಕೂತಿದ್ದ ಹೆಂಡತಿ ಮುಚ್ಚಿದ್ದ ಕಣ್ಣು ತೆರೆದಳು. ಅವನಿಗೆ ಅದು ಗೊತ್ತಾಗಲಿಲ್ಲ. ಬೆರಳನ್ನು ಸಾಲಿನ ಕೆಳಗೆ ಜಾರಿಸುತ್ತ ಮುಂದೆ ಹೋದ. ಅಧ್ಯಾಯದ ಎರಡನೇ ವಚನ ಮುಗಿಯುವಷ್ಟರಲ್ಲಿ ಇನ್ನೂ ಮೂರು ಅಲ್ಪವಿರಾಮ, ಒಂದು ಅರ್ಧವಿರಾಮ, ಕೊನೆಗೆ “ಪೂರ್ಣವಿರಾಮ, ಹೊಸ ಸಾಲು” ಎಲ್ಲವೂ ಬಂದವು. ಹೆಂಡತಿಯ ಭುಜ ಅಲುಗತೊಡಗಿತು. ಅಳುತ್ತಿದ್ದಾಳೇನೋ ಎಂದು ಗಾಬರಿಯಾಗಿ ತಲೆಯೆತ್ತಿದರೆ, ಅವಳು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

ಅವಳಿಗೆ ಬಾಯಿಬಿಟ್ಟು ನಗುವ ಹಾಗಿರಲಿಲ್ಲ. ಗಂಟಲೊಳಗಿನ ಗಂಟು ತೆಗೆದು ಆರು ದಿನವಾಗಿತ್ತು. ಎಂಟು ವಾರ ಒಂದು ಸೊಲ್ಲೂ ಹೊರಡಕೂಡದು, ಪಿಸುಮಾತು ಮಾತಿಗಿಂತ ಕೆಟ್ಟದ್ದು, ಆಮೇಲೆ ಧ್ವನಿ ಎಷ್ಟು ಉಳಿದಿದೆ ನೋಡೋಣ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಉಳಿಯದೇ ಹೋದರೆ ಏನು ಗತಿ ಎಂದು ಅವರೂ ಹೇಳಲಿಲ್ಲ, ಇವರೂ ಕೇಳಲಿಲ್ಲ. ಬಸ್ ನಿಲ್ದಾಣದ ಮೈಕಿನ ಮುಂದೆ ಕೂತು ಹತ್ತೊಂಬತ್ತು ವರ್ಷ ಊರಿಗೆ ಊರನ್ನೇ ಸರಿಯಾದ ಬಸ್ಸು ಹತ್ತಿಸಿದವಳು ಅವಳು. ಮುಖ ನೋಡಿರದ ಜನ ಕೂಡ ತರಕಾರಿ ಅಂಗಡಿಯಲ್ಲಿ ಅವಳು ಬೆಲೆ ಕೇಳಿದರೆ ಸಾಕು, ತಿರುಗಿ ನೋಡುತ್ತಿದ್ದರು. ಈಗ ಕುತ್ತಿಗೆಗೆ ದಾರ ಕಟ್ಟಿ ತೂಗುಹಾಕಿಕೊಂಡ ಪುಟ್ಟ ನೋಟ್‌ಬುಕ್ಕೇ ಅವಳ ಬಾಯಿ.

ಅದರಲ್ಲಿ ಬರೆದು ಅವನ ಮುಂದೆ ಹಿಡಿದಳು: “ರೀ, ಇದು ಬೈಬಲ್ಲು. ನಿಮ್ಮ ಪ್ರೆಸ್ಸಲ್ಲ.”

ಅವನು ಮುದ್ರಣಾಲಯದಲ್ಲಿ ಕರಡಚ್ಚು ತಿದ್ದುವವನು. ಅಲ್ಲಿ ಎಲ್ಲರೂ ಅವನನ್ನು ಕರೆಯುವುದು ಅರ್ಕಾವೊತ್ತು ಎಂದು. ಅರ್ಕಾವೊತ್ತನ್ನು ಬರೆಯುವುದು ಅಕ್ಷರದ ಆಮೇಲೆ, ಉಚ್ಚರಿಸುವುದು ಅಕ್ಷರಕ್ಕಿಂತ ಮೊದಲು. ಇವನೂ ಹಾಗೆಯೇ, ಕೂರುವುದು ಕಟ್ಟಡದ ಕಟ್ಟಕಡೆಯ ಕೋಣೆಯಲ್ಲಿ, ತಗಾದೆ ಮಾತ್ರ ಎಲ್ಲರಿಗಿಂತ ಮುಂಚೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೂಲಪ್ರತಿ ಓದುತ್ತಿದ್ದ. ಒಬ್ಬ ಮೂಲಪ್ರತಿಯನ್ನು ಚಿಹ್ನೆಗಳ ಸಮೇತ ಗಟ್ಟಿಯಾಗಿ ಓದಬೇಕು, ಇನ್ನೊಬ್ಬ ಅದನ್ನು ಕೇಳುತ್ತ ಕರಡಚ್ಚು ತಿದ್ದಬೇಕು. ಒಂಬತ್ತು ವರ್ಷ ಹಾಗೆ ಓದಿದವನಿಗೆ ಗಟ್ಟಿಯಾಗಿ ಓದುವುದೆಂದರೆ ಅದೊಂದೇ ರೀತಿ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಸಂಬಳಕ್ಕೆ ಕಲಿತ ಗುಣವೂ ಅದಕ್ಕೇನು ಕಮ್ಮಿಯಿಲ್ಲ.

ಬೆಳಗ್ಗೆ ಆರೂಕಾಲಿಗೆ ಅಡುಗೆಮನೆಯ ಮೇಜು, ಗಟ್ಟಿಯಾಗಿ ಒಂದು ಅಧ್ಯಾಯ, ಆಮೇಲೆ ಪ್ರಾರ್ಥನೆ. ಮದುವೆಯಾದ ಮಾರನೇ ವಾರ ಶುರುಮಾಡಿದ್ದನ್ನು ಇಪ್ಪತ್ತಾರು ವರ್ಷ ಅವಳು ತಪ್ಪಿಸಿರಲಿಲ್ಲ. ಜ್ವರ ಬಂದ ದಿನ ಅಧ್ಯಾಯದ ಬದಲು ಒಂದು ವಚನ, ಅಷ್ಟೇ ರಿಯಾಯಿತಿ. ದೊಡ್ಡ ಭಕ್ತೆಯೆಂದು ಎಂದೂ ಹೇಳಿಕೊಂಡವಳಲ್ಲ. “ಹಲ್ಲುಜ್ಜಿದ ಹಾಗೆ ಕಣ್ರೀ,” ಎನ್ನುತ್ತಿದ್ದಳು. “ಒಂದಿನ ಬಿಟ್ರೆ ಬೇರೆಯವ್ರಿಗೆ ಗೊತ್ತಾಗಲ್ಲ, ನಮಗೆ ಗೊತ್ತಾಗುತ್ತೆ.” ಆ ಹೊತ್ತಿಗೆ ಗಂಡ ಗೋಡೆಯ ಈಚೆ ಗಡ್ಡ ಕೆರೆದುಕೊಳ್ಳುತ್ತಿರುತ್ತಿದ್ದ. ಮೊದಲ ವರ್ಷ ನಾಲ್ಕೈದು ಸಲ ಕರೆದಳು. “ನನ್ನ ಪಾಲಿಂದೂ ನೀನೇ ಓದ್ಬಿಡು,” ಎಂದ. ಆಮೇಲೆ ಕರೆಯಲಿಲ್ಲ. ಭಾನುವಾರ ಚರ್ಚಿನ ಸಭೆಗೆ ಹೋಗಿ, ಎಲ್ಲರೂ ಎದ್ದಾಗ ಎದ್ದು, ಕೂತಾಗ ಕೂತು, ಹಾಡಿನ ಪುಸ್ತಕದ ಅಚ್ಚಿನ ತಪ್ಪುಗಳನ್ನು ಮನಸ್ಸಿನಲ್ಲೇ ತಿದ್ದಿಕೊಂಡು ಬರುವ ಪೈಕಿ ಅವನು.

ಆಸ್ಪತ್ರೆಯಿಂದ ಬಂದ ಮಾರನೇ ಬೆಳಗ್ಗೆ ಅವಳು ಅವನ ತೋಳು ಹಿಡಿದು ತಂದು ಕೂರಿಸಿ, ಪುಸ್ತಕ ಮುಂದಿಟ್ಟು, ಓದಿ ಎಂದು ಬೆರಳಿಟ್ಟು ತೋರಿಸಿದ್ದಳು. ಕಾಯಿಲೆಯವಳ ಮಾತು ಮೀರುವುದು ಹೇಗೆ? ಓದಿದ. ಅಧ್ಯಾಯ ಮುಗಿದ ಮೇಲೆ, ಪ್ರಾರ್ಥನೆಯನ್ನೂ ನೀವೇ ಮಾಡಿ ಎಂದು ಕೈಸನ್ನೆ ಮಾಡಿದಳು.

“ಅದೊಂದು ನನ್ನ ಕೈಲಿ ಆಗಲ್ಲ ಕಣೇ. ನೀನೇ ಮನಸ್ಸಲ್ಲೇ ಮಾಡ್ಕೊ.”

ಅವಳು ತುಟಿ ಅಲುಗಿಸುತ್ತ ಮಾಡಿಕೊಂಡಳು. ಅವನು ಗಡಿಯಾರ ನೋಡುತ್ತ ಕೂತ. ದಿನ ಕಳೆದಂತೆ ಅಲ್ಪವಿರಾಮಗಳು ಕಡಿಮೆಯಾದವು. ಮರೆತು ಒಂದು ಹೇಳಿದರೆ ಅವಳು ಮೇಜಿನ ಮೇಲೆ ಬೆರಳಿನಿಂದ ಕುಟ್ಟುತ್ತಿದ್ದಳು.

ಮೂರನೇ ವಾರದ ಸೋಮವಾರ, ಒಂದು ಕಾಲಿಗೆ ಬೂಟು ಹಾಕಿಕೊಂಡು ಇನ್ನೊಂದನ್ನು ಹುಡುಕುತ್ತಿದ್ದವನ ಮುಂದೆ ಅವಳು ಬಂದು ನಿಂತಳು. ಕುತ್ತಿಗೆಯಿಂದ ನೋಟ್‌ಬುಕ್ಕು ಬಿಚ್ಚಿ ಅವನ ಕೈಗೇ ಕೊಟ್ಟಳು. ಒಂದು ಪುಟದಲ್ಲಿ ಮೂರೇ ಸಾಲು: “ನನಗೆ ಬಯ ಆಗುತ್ತಿದೆ. ದ್ವನಿ ಬರದೇ ಹೋದರೆ ಏನು ಮಾಡಲಿ. ಒಂದು ಸಲ ನನಗಾಗಿ ನೀವು ಪ್ರಾರ್ತನೆ ಮಾಡಿ.”

ಅವನ ಕೈ ತಾನಾಗಿ ಜೇಬಿಗೆ ಹೋಯಿತು. ಕೆಂಪು ಪೆನ್ನು ಬಂತು. ಬಯ ಭಯವಾಯಿತು, ದ್ವನಿ ಧ್ವನಿಯಾಯಿತು, ಪ್ರಾರ್ತನೆ ಪ್ರಾರ್ಥನೆಯಾಯಿತು. ಪ್ರಶ್ನೆಯ ಕೊನೆಗಿದ್ದ ಪೂರ್ಣವಿರಾಮ ಹೊಡೆದುಹಾಕಿ ಪ್ರಶ್ನಾರ್ಥಕ ಚಿಹ್ನೆ ಕೂರಿಸಿದ. “ಮೂರೂ ಮಹಾಪ್ರಾಣ ಕಣೇ, ಎಷ್ಟು ಸಲ ಹೇಳಿದ್ದೀನಿ,” ಎಂದು ನೋಟ್‌ಬುಕ್ಕು ವಾಪಸು ಕೊಟ್ಟು, ಬಾಗಿಲ ಹಿಂದಿದ್ದ ಇನ್ನೊಂದು ಬೂಟು ಹಾಕಿಕೊಂಡು, ತಡವಾಯಿತೆಂದು ಹೊರಟೇಬಿಟ್ಟ. ಕೆಟ್ಟತನ ಲವಲೇಶವೂ ಇರಲಿಲ್ಲ. ಅದೇ ಕಷ್ಟ. ಕೆಟ್ಟತನವಿದ್ದಿದ್ದರೆ ಬೈದು ಮುಗಿಸಬಹುದಿತ್ತು.

ಮಧ್ಯಾಹ್ನ ಊಟದ ಹೊತ್ತಿಗೆ ನಾದಿನಿಯ ಫೋನು ಬಂತು. ಅಕ್ಕನನ್ನು ನೋಡಿಕೊಳ್ಳಲು ದಿನವೂ ಬಂದುಹೋಗುತ್ತಿದ್ದವಳು ಅವಳು.

“ಭಾವ, ಬೆಳಗ್ಗೆ ಅಕ್ಕ ಬರೆದಿದ್ದು ಓದಿದ್ರಾ?”

“ಓದ್ದೆ. ಮೂರು ಕಾಗುಣಿತ ತಪ್ಪು, ಒಂದು ಚಿಹ್ನೆ.”

“ನೋಡಿದ್ರಾ ಅಂತ ಕೇಳಲಿಲ್ಲ ಭಾವ. ಓದಿದ್ರಾ ಅಂತ ಕೇಳ್ದೆ.”

ಫೋನು ಇಟ್ಟ ಮೇಲೆ ಅವನು ಓದಿದ. ಕಾಗದ ಎದುರಿಗಿರಲಿಲ್ಲ, ಆದರೆ ಅವನಂಥವನಿಗೆ ಒಮ್ಮೆ ಕಣ್ಣಾಡಿಸಿದ ಸಾಲು ಮರೆಯುವುದಿಲ್ಲ. ಮೂರು ಸಾಲನ್ನೂ ಮೊದಲಿಂದ ಕೊನೆಯವರೆಗೆ ಓದಿ, ತುತ್ತು ಕೆಳಗಿಟ್ಟ. ಇಪ್ಪತ್ತಾರು ವರ್ಷದಲ್ಲಿ ಅವಳು ತನಗೆ ಭಯವಾಗುತ್ತಿದೆ ಎಂದು ಹೇಳಿದ್ದು ಅದೊಂದೇ ಸಲ. ಅವನು ಆ ಭಯಕ್ಕೆ ಮಹಾಪ್ರಾಣ ಕೊಟ್ಟು ಬಂದಿದ್ದ.

ಸಂಜೆ ಮನೆಗೆ ಬಂದರೆ ನೋಟ್‌ಬುಕ್ಕು ದಾರ ಸುತ್ತಿಸಿಕೊಂಡು ಪಾತ್ರೆಯ ಕಪಾಟಿನ ಮೇಲಿತ್ತು. “ತಪ್ಪಾಯ್ತು ಕಣೇ,” ಎಂದ. ಅವಳು ಅವನ ಕೈಯನ್ನು ಎರಡು ಸಲ ತಟ್ಟಿದಳು, ಆಯಿತು ಬಿಡಿ ಎನ್ನುವ ಹಾಗೆ. ನೋಟ್‌ಬುಕ್ಕು ಮಾತ್ರ ತೆಗೆದುಕೊಳ್ಳಲಿಲ್ಲ. ಮಾರನೇ ಬೆಳಗ್ಗೆ ಆರೂಕಾಲಿಗೆ ಅಡುಗೆಮನೆಗೂ ಬರಲಿಲ್ಲ. ಕೋಣೆಯಲ್ಲಿ ಗೋಡೆಗೆ ಮುಖಮಾಡಿ ಮಲಗಿದ್ದಳು. ಅದು ಕೋಪವಲ್ಲ. ಕೋಪ ಬಂದರೆ ಅವಳು ಪಾತ್ರೆ ಕುಕ್ಕುತ್ತಾಳೆ. ಅವಳ ಹತ್ತಿರ ಇದ್ದಷ್ಟು ಧೈರ್ಯ ಮುಗಿದುಹೋಗಿತ್ತು.

ಅವನು ಅರ್ಧ ಗಡ್ಡ ಕೆರೆದಿದ್ದ. ಗೋಡೆಯ ಆಚೆಯಿಂದ ಏನೂ ಕೇಳಿಸಲಿಲ್ಲ. ಇಷ್ಟು ವರ್ಷ ಆ ಧ್ವನಿಯ ಏರಿಳಿತಕ್ಕೆ ತಕ್ಕಂತೆ ತನ್ನ ಕೈ ಓಡುತ್ತಿತ್ತೆಂದು ಅವನಿಗೆ ಆಗ ತಿಳಿಯಿತು. ಮುಖದ ಸೋಪು ಒರೆಸಿಕೊಂಡು ಹೋಗಿ ಮೇಜಿನ ಮುಂದೆ ಕೂತ. ಎದುರಿಗೆ ಖಾಲಿ ಕುರ್ಚಿ. ನಿನ್ನೆ ಬಿಟ್ಟಲ್ಲಿಂದ ತೆಗೆದು, ಕೋಣೆಯವರೆಗೆ ಕೇಳುವಷ್ಟು ಗಟ್ಟಿಯಾಗಿ ಒಂದು ಅಧ್ಯಾಯ ಓದಿದ. ಯಾರೂ ಬರಲಿಲ್ಲ. ಅರ್ಧ ಗಡ್ಡದಲ್ಲೇ ಪ್ರೆಸ್ಸಿಗೆ ಹೋದವನನ್ನು ನೋಡಿ, ಇದೇನು ಅರ್ಧವಿರಾಮವೋ ಎಂದು ಎಲ್ಲರೂ ನಕ್ಕರು.

ಇಲ್ಲಿ ಅವನನ್ನು ಮೆಚ್ಚಬೇಕು. ಒಂದು ದಿನ ಪಶ್ಚಾತ್ತಾಪ ಪಡುವುದು ಯಾರಿಗೂ ಬರುತ್ತದೆ. ಎರಡನೇ ದಿನ ಅದೇ ಹೊತ್ತಿಗೆ ಅದೇ ಕುರ್ಚಿಯಲ್ಲಿ ಕೂರುವುದೇ ಕಷ್ಟ. ಎರಡನೇ ದಿನ ಅವನಿಗೆ ನಿದ್ದೆ. ಮೂರನೇ ದಿನ ಬರೀ ಹೆಸರುಗಳ ಅಧ್ಯಾಯ, ಯಾರು ಯಾರ ಮಗ ಎಂಬುದು ಪುಟಗಟ್ಟಲೆ. ಬಿಟ್ಟು ಮುಂದೆ ಹೋಗಬಹುದಿತ್ತು, ಕೇಳುವವರು ಯಾರು? ಬಿಡಲಿಲ್ಲ. ಒಂದೊಂದು ಹೆಸರನ್ನೂ ಒತ್ತು ದೀರ್ಘಗಳ ಸಮೇತ, ಅವರೆಲ್ಲ ಬಾಗಿಲಲ್ಲಿ ಸಾಲಾಗಿ ನಿಂತಿದ್ದಾರೇನೋ ಎಂಬಷ್ಟು ಮರ್ಯಾದೆಯಿಂದ ಕರೆದ. ಅಲ್ಪವಿರಾಮ ಒಂದೂ ಬರಲಿಲ್ಲ.

ಆದರೆ ಅವಳು ಕೇಳಿದ್ದು ಓದನ್ನಲ್ಲ, ಪ್ರಾರ್ಥನೆಯನ್ನು. ಅದು ಅವನಿಗೆ ಗೊತ್ತಿತ್ತು. ಆ ಮಧ್ಯಾಹ್ನ ಕರಡಚ್ಚಿನ ಬೆನ್ನಿಗೆ ಒಂದು ಪ್ರಾರ್ಥನೆ ಬರೆದ, ಎಂಟು ಸಾಲು. ಓದಿ ನೋಡಿದರೆ ಮೊದಲ ಸಾಲು ಅರ್ಜಿಯ ಹಾಗಿತ್ತು, ಹೊಡೆದುಹಾಕಿದ. ಎರಡನೆಯದು ಭಾನುವಾರ ಕೇಳಿದ್ದರ ನಕಲು. ನಾಲ್ಕನೆಯದರಲ್ಲಿ ಕರ್ತೃ ಒಂದು, ಕ್ರಿಯಾಪದ ಇನ್ನೊಂದು. ಕೆಂಪು ಪೆನ್ನು ಕೆಲಸ ಮುಗಿಸಿದಾಗ ಉಳಿದದ್ದು “ತಂದೆಯೇ” ಎಂಬ ಒಂದು ಪದ ಮಾತ್ರ. ಅದರಲ್ಲಿ ತಿದ್ದಲು ಏನೂ ಇರಲಿಲ್ಲ.

ಮಾರನೇ ಬೆಳಗ್ಗೆ ಅಧ್ಯಾಯ ಮುಗಿಸಿ, ಕಾಗದವಿಲ್ಲದೆ, ಆ ಪದದಿಂದಲೇ ಶುರುಮಾಡಿದ.

“ತಂದೆಯೇ... ನಂಗೆ ಇದು ಬರಲ್ಲ. ಅವಳಿಗೆ ಬರುತ್ತೆ, ಈಗ ಅವಳಿಗೆ ಮಾತಾಡೋ ಹಾಗಿಲ್ಲ. ಅವಳ ಧ್ವನಿನ ನೀನು... ಅದು ಅವಳಿಗೆ ವಾಪಸು... ಅವಳಿಗೆ ಭಯ ಆಗಿದೆ. ನನ್ನ ಹತ್ರ ಹೇಳಿದ್ಲು, ನಾನು ಅದನ್ನ ತಿದ್ದಿಬಿಟ್ಟೆ. ನಂಗೂ ಭಯ ಆಗಿದೆ. ಅದನ್ನ ನಾನು ಹೇಳಲಿಲ್ಲ. ಮನೆ ತುಂಬ ಸದ್ದೇ ಇಲ್ಲ. ಏನಾದ್ರೂ ಮಾಡು. ಧ್ವನಿ ಬರದೇ ಹೋದ್ರೂ ಅವಳು... ಅವಳು ಇಲ್ಲಿ ಬಂದು ಕೂತ್ಕೊಂಡ್ರೆ ಸಾಕು.”

ಒಂದು ವಾಕ್ಯವೂ ನೆಟ್ಟಗಿರಲಿಲ್ಲ. ಎಲ್ಲಿ ಮುಗಿಸಬೇಕೆಂದೂ ತಿಳಿಯದೆ ಕಣ್ಣು ಮುಚ್ಚಿಕೊಂಡೇ ಕೂತಿದ್ದ. ಕುರ್ಚಿ ಎಳೆದ ಸದ್ದಾಯಿತು. ಕಣ್ಣು ಬಿಟ್ಟರೆ ಅವಳು, ಕೆದರಿದ ಕೂದಲು, ಒದ್ದೆ ಮುಖ, ಎದುರಿಗೆ. ಆಮೆನ್ ಹೇಳಿ ಎಂದು ತುಟಿಯಲ್ಲೇ ತೋರಿಸಿದಳು. ಹೇಳಿದ.

ಆಮೇಲೆ ಒಂದು ದಿನವೂ ತಪ್ಪಲಿಲ್ಲ. ತಪ್ಪಲಿಲ್ಲ ಎಂದರೆ ಬೇಸರವಾಗಲಿಲ್ಲ ಎಂದಲ್ಲ. ಕೆಲವು ಬೆಳಗ್ಗೆ ಬಾಯಿ ಮಾತ್ರ ಓದುತ್ತಿತ್ತು, ತಲೆ ಪ್ರೆಸ್ಸಿನಲ್ಲಿರುತ್ತಿತ್ತು. ಕೆಲವು ಬೆಳಗ್ಗೆ ಪ್ರಾರ್ಥನೆ ಎರಡೇ ಮಾತು. ಆದರೂ ಆರೂಕಾಲಿಗೆ ಇಬ್ಬರೂ ಅಲ್ಲಿರುತ್ತಿದ್ದರು. ಅವಳು ನೋಟ್‌ಬುಕ್ಕನ್ನು ಮತ್ತೆ ಕೊರಳಿಗೆ ಹಾಕಿಕೊಂಡಳು. ಮಹಾಪ್ರಾಣಗಳು ಮೊದಲಿನಂತೆಯೇ ನಾಪತ್ತೆ. ಅವನು ಹಲ್ಲು ಕಚ್ಚಿಕೊಂಡು ಓದುತ್ತಿದ್ದ, ಓದಿ ಉತ್ತರ ಹೇಳುತ್ತಿದ್ದ.

ಎಂಟು ವಾರ ತುಂಬಿದ ದಿನ ಡಾಕ್ಟರು ಗಂಟಲಿಗೆ ಬೆಳಕು ಬಿಟ್ಟು ನೋಡಿ, “ಏನಾದ್ರೂ ಮಾತಾಡಮ್ಮ,” ಎಂದರು. ಅವಳು ಗಂಡನ ಕಡೆ ನೋಡಿ, “ಏನ್ರೀ,” ಎಂದಳು. ತಗ್ಗಿನ, ಒಡೆದ, ಗೊರಗೊರ ಧ್ವನಿ. ಎರಡಕ್ಷರದಲ್ಲೇ ಉಸಿರು ಸೋರಿತು. ಮನೆಮಾತಿಗೆ ಇಷ್ಟು ಸಾಕಾಗುತ್ತೆ, ಮೈಕಿನ ಕೆಲಸ ಇನ್ನು ಬೇಡ ಎಂದರು ಡಾಕ್ಟರು. ಅವಳು ತಲೆಯಾಡಿಸಿದಳು. ಪಾಸ್ ಕೊಡುವ ಕೌಂಟರಿಗೆ ಹಾಕುತ್ತೇವೆಂದು ನಿಲ್ದಾಣದ ಅಧಿಕಾರಿ ಮೊದಲೇ ಹೇಳಿದ್ದರು.

ಮನೆಗೆ ಹೋಗಲು ಬಸ್ ನಿಲ್ದಾಣದಲ್ಲಿ ಬಸ್ಸು ಬದಲಿಸಬೇಕಿತ್ತು. ಕಂಬದ ಮೇಲಿನ ಸ್ಪೀಕರಿನಿಂದ ಹೊಸ ಹುಡುಗಿಯ ಧ್ವನಿ ಬರುತ್ತಿತ್ತು, ಎಳೆಯದು, ಸ್ವಚ್ಛವಾದದ್ದು. ಅವಳು ಅದರ ಕೆಳಗೆ ನಿಂತುಬಿಟ್ಟಳು. ಅವರ ಬಸ್ಸು ಬಂತು, ಹೋಯಿತು. ಬಾ ಎನ್ನಲು ಅವನಿಗೆ ಧೈರ್ಯ ಬರಲಿಲ್ಲ. ಮೂರು ಘೋಷಣೆ ಕೇಳಿದ ಮೇಲೆ ಅವಳು, “ಉಸಿರು ಮುಗಿಯೋವರೆಗೂ ಎಳೀತಾಳೆ,” ಎಂದಳು. ಅವನು ಹೊಟ್ಟೆಯುರಿಯೆಂದುಕೊಂಡು, ಸಹಜವೇ ಅಲ್ಲವೇ ಎಂದು ಸುಮ್ಮನಾದ. ದಾರಿಯುದ್ದಕ್ಕೂ ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದಳು.

ಮಾರನೇ ಬೆಳಗ್ಗೆ ಅವನು ಪುಸ್ತಕವನ್ನು ಅವಳ ಕಡೆ ತಿರುಗಿಸಿ ಇಟ್ಟ. “ಇನ್ನು ನೀನೇ ಓದು.”

ಅವಳು ಒಂದು ಸಾಲು ಓದಿದಳು. ಧ್ವನಿ ಮಧ್ಯದಲ್ಲಿ ಕಡಿದುಹೋಯಿತು. ಪುಸ್ತಕವನ್ನು ವಾಪಸು ತಳ್ಳಿದಳು. “ನೀವೇ ಓದಿ. ನಂಗೆ ಕೇಳೋದು ಅಭ್ಯಾಸ ಆಗೋಗಿದೆ. ಪ್ರಾರ್ಥನೆ ನಾನು ಮಾಡ್ತೀನಿ, ಚಿಕ್ಕದಾಗಿ.”

ಅವನು ಓದಿ ಮುಗಿಸಿ ಕಣ್ಣು ಮುಚ್ಚಿದ. ತನ್ನ ಗಂಟಲಿಗಾಗಿ ಕೇಳುತ್ತಾಳೆ, ಇಲ್ಲವೇ ಹೋದ ಕೆಲಸಕ್ಕಾಗಿ ಅಳುತ್ತಾಳೆ ಎಂದುಕೊಂಡಿದ್ದ.

“ತಂದೆಯೇ,” ಎಂದಳು ಅವಳು. ನಿಂತು ಉಸಿರು ತೆಗೆದುಕೊಂಡಳು. “ಆ ಮೈಕಿನ ಹುಡುಗಿ ಗಂಟಲು ಕಾಪಾಡಪ್ಪ.” ಮತ್ತೆ ಉಸಿರು. “ಎಲ್ಲಿ ನಿಲ್ಲಿಸಿ ಉಸಿರು ತಗೋಬೇಕು ಅಂತ ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ. ನಂಗೂ ಯಾರೂ ಹೇಳಿರಲಿಲ್ಲ. ಇವತ್ತು ಸಂಜೆ ನಾನೇ ಹೋಗಿ ಹೇಳಿಕೊಡ್ತೀನಿ. ಅವಳು ಬೇಜಾರು ಮಾಡ್ಕೊಳ್ಳದ ಹಾಗೆ ನೋಡ್ಕೊ.”

ಆಮೆನ್ ಹೇಳಬೇಕಾದವನು ಅವನು. ಅವನು ಕಣ್ಣು ತೆರೆದು ಅವಳನ್ನೇ ನೋಡುತ್ತಿದ್ದ. ಅವಳು ಕಣ್ಣು ಮುಚ್ಚಿಕೊಂಡೇ ಕಾದಳು.