ಮೂಲೆ ಕತ್ತರಿಸಿದ ಲಕೋಟೆ

ನಾರಾಯಣಪೇಟೆಯಲ್ಲಿ ಶೇಖಮ್ಮನ ಮನೆಗೆ ಬರುವಷ್ಟು ಟಪಾಲು ತಹಶೀಲು ಕಚೇರಿಗೂ ಬರುವುದಿಲ್ಲ ಎಂದು ನೇಕಾರ ಓಣಿಯ ಜನ ಆಡಿಕೊಳ್ಳುತ್ತಿದ್ದರು. ಬರೆಯುತ್ತಿದ್ದವರು ಮಾತ್ರ ನೆಂಟರಲ್ಲ, ಬೀಗರಲ್ಲ. ಮುಂಬಯಿ ಕಡೆಯ ಯಾವುದೋ ಔಷಧದ ಕಂಪನಿ.

ಅದನ್ನು ತಲೆಗೆ ಕಟ್ಟಿಕೊಂಡವನು ಅವಳ ಗಂಡ ಶಂಕರಯ್ಯ. ಹೆಸರು, ಊರು ಬರೆದು ಕಳಿಸಿದರೆ ಶಿವಪಾರ್ವತಿಯರ ಚಿತ್ರವಿದ್ದ ಕ್ಯಾಲೆಂಡರು ಪುಕ್ಕಟೆ ಬರುತ್ತದೆಂದು ಮಕ್ತಲ್ ಸಂತೆಯಲ್ಲಿ ಯಾರೋ ಅವನಿಗೆ ಹೇಳಿದ್ದರು. ಓಣಿಯಲ್ಲಿ ಓದುಬರಹ ಬಲ್ಲವರೆಂದರೆ ಮಠದ ಕರಿಬಸಯ್ಯನವರು ಒಬ್ಬರೇ. ಅವರ ಕೈಯಿಂದ ಒಂದು ಕಾರ್ಡು ಬರೆಸಿ ಹಾಕಿದ. ಕ್ಯಾಲೆಂಡರು ಬಂತು, ಮಗ್ಗದ ಎದುರಿನ ಗೋಡೆಗೆ ಏರಿತು. ತಿಂಗಳಾದ ಮೇಲೆ ಅದೇ ಕಂಪನಿಯ ಮೊದಲ ಲಕೋಟೆ ಬಂತು.

ಆ ಲಕೋಟೆಯ ಒಂದು ಮೂಲೆ ಇರಲಿಲ್ಲ.

ಆ ಸೀಮೆಯ ರೂಢಿ ಎಲ್ಲರಿಗೂ ಗೊತ್ತು. ಮದುವೆಯ ಸುದ್ದಿ, ಕೂಸಿನ ಸುದ್ದಿಯಾದರೆ ಕಾಗದದ ಮೂಲೆಗಳಿಗೆ ಅರಿಸಿನ ಹಚ್ಚುತ್ತಾರೆ. ಸಾವಿನ ಸುದ್ದಿಯಾದರೆ ಒಂದು ಮೂಲೆ ಹರಿದು ಕಳಿಸುತ್ತಾರೆ. ಅಂಥ ಕಾಗದ ಹೊಸ್ತಿಲು ದಾಟಬಾರದು. ಹೊರಗೇ ನಿಂತು ಓದಿಸಿ, ಚೂರು ಮಾಡಿ ಒಗೆದು, ಕಾಲು ತೊಳೆದುಕೊಂಡು ಒಳಗೆ ಹೋಗಬೇಕು. ಅಚ್ಚಿನ ಕಾಗದಕ್ಕೆ ಟಪಾಲಿನ ಖರ್ಚು ಕಡಿಮೆ, ಒಳಗಿರುವುದು ಅಚ್ಚಿನದೇ ಎಂದು ಟಪಾಲು ಕಚೇರಿಯವರಿಗೆ ಕಾಣಲೆಂದು ಕಂಪನಿಯವರು ಮೂಲೆ ಕತ್ತರಿಸುತ್ತಾರೆ ಎಂಬುದನ್ನು ಆ ಓಣಿಯಲ್ಲಿ ಯಾರು ಬಲ್ಲರು?

ಶೇಖಮ್ಮನಿಗೆ ತವರೆಂದು ಉಳಿದಿದ್ದವಳು ಗದ್ವಾಲಿನ ಅಕ್ಕ ಹಂಪಮ್ಮ ಒಬ್ಬಳೇ. ತಾಯಿ ತಂದೆ ಒಂದೇ ವಾರದಲ್ಲಿ ಪ್ಲೇಗಿಗೆ ಹೋದಾಗ ಇವಳನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ಮೂಲೆಯಿಲ್ಲದ ಲಕೋಟೆ ಕಂಡದ್ದೇ ಶೇಖಮ್ಮ ಅಂಗಳದಲ್ಲಿ ಕುಸಿದು ಕೂತು ಅಕ್ಕನ ಹೆಸರು ಹಿಡಿದು ಅತ್ತಳು. ಓಣಿಯ ಹೆಂಗಸರೆಲ್ಲ ಬಂದು ಸುತ್ತ ಕೂತು ಅತ್ತರು. ಕರಿಬಸಯ್ಯನವರು ಬಂದು ಲಕೋಟೆ ಒಡೆದು, ಗಂಟಲು ಸರಿಮಾಡಿಕೊಂಡು ಓದಿದರು.

“ಅಜೀರ್ಣ, ಹೊಟ್ಟೆಯುಬ್ಬರ, ಹುಳಿತೇಗು. ಮೂರೇ ದಿನದಲ್ಲಿ ಗುಣ.”

ಎದುರುಮನೆಯ ಪೆಂಟಮ್ಮ ಕಣ್ಣೊರೆಸಿಕೊಂಡು ಕೇಳಿದಳು: “ಅಲ್ಲವ್ವ ಶೇಖವ್ವ, ಇಷ್ಟೊತ್ತು ನಾವು ಅತ್ತದ್ದು ಹುಳಿತೇಗಿಗೇನು?”

ಆ ನಗು ಅಂದಿಗೆ ಮುಗಿಯಲಿಲ್ಲ. ಟಪಾಲಿನ ಖಾಸಿಂಸಾಬ ಓಣಿಯ ತುದಿಯಲ್ಲಿ ಕಂಡರೆ ಸಾಕು, ಪೆಂಟಮ್ಮ ತನ್ನ ಕಟ್ಟೆಯಿಂದಲೇ ಕೂಗುವಳು: “ಶೇಖವ್ವ, ಇವತ್ತು ಅಳಾಕ ಬರಬೇಕೋ, ಅಡಿಗಿ ಮುಗಿಸಿ ಬಂದ್ರ ನಡೀತದೋ?”

ಶೇಖಮ್ಮ ನಕ್ಕಂತೆ ಮಾಡುವಳು. ಒಳಗೆ ಬಂದು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಕಿವಿ ಸುಡುತ್ತಿರುತ್ತಿದ್ದವು.

ಕಳಿಸಬೇಡಿರೆಂದು ಕಂಪನಿಗೆ ಕಾಗದ ಬರೆಸಿದರು. ಮರುತಿಂಗಳು ಆ ಕಂಪನಿಯ ಜೊತೆಗೆ ಕೇಶತೈಲದವರೂ ಬರೆಯಲು ಹತ್ತಿದರು. ಖಾಸಿಂಸಾಬನಿಗೆ ಹಿಂದಕ್ಕೆ ಒಯ್ಯೆಂದರೆ, “ಅದ್ಹೆಂಗ ಆಗ್ತದ ಅಮ್ಮಾ? ಹೆಸರು ಐತಿ, ಮನಿ ಐತಿ. ನಾ ಕೊಡಲಿಲ್ಲಂದ್ರ ಸಾಹೇಬರು ನನ್ನ ಬಿಡ್ತಾರೇನು?” ಎಂದ.

ಬರಬರುತ್ತ ಅದೊಂದು ಅಭ್ಯಾಸವಾಯಿತು. ಮೂಲೆ ಇಲ್ಲವೆಂದರೆ ಕಂಪನಿಯದು, ಕಂಪನಿಯದೆಂದರೆ ಒಲೆಯ ಪಕ್ಕದ ಬುಟ್ಟಿಗೆ. ಹೊಸ್ತಿಲು ದಾಟಿ ಸಾವಿನ ಗುರುತು ಮನೆಯೊಳಗೆ ಬರುತ್ತಿದೆಯೆಂಬ ಅಳುಕೂ ಹೋಯಿತು.

ಆ ವರ್ಷ ದೀಪಾವಳಿಯ ಹೊತ್ತಿಗೆ ಹಂಪಮ್ಮ ನಿಜವಾಗಿಯೂ ಹಾಸಿಗೆ ಹಿಡಿದಳು. ಶೇಖಮ್ಮ ಹೋಗಿ ಎಂಟು ದಿನ ಇದ್ದು ಬಂದಳು. ಹೊರಡುವಾಗ ಅಕ್ಕ ಕೈ ಹಿಡಿದುಕೊಂಡು ಹೇಳಿದ್ದು ಒಂದೇ.

“ನನ್ನ ಹನ್ನೊಂದರ ದಿನಕ್ಕ ತವರ ಸೀರಿ ನೀನ ತರಬೇಕು ತಂಗಿ. ಅಂಗಡ್ಯಾಗಿಂದ ಬ್ಯಾಡ. ನಿನ್ನ ಕೈಯಿಂದ ನೇಯ್ದದ್ದು. ಹಸಿರು ಮೈ, ಕೆಂಪು ಅಂಚು.”

“ಬಿಡಕ್ಕ, ಅದೆಂಥ ಮಾತು.”

“ಅವಸರೇನಿಲ್ಲ. ನಿಧಾನಕ್ಕ ನೇಯಿ, ನಾ ತಡೀತೀನಿ,” ಎಂದು ಹಂಪಮ್ಮ ನಕ್ಕಿದ್ದಳು.

ಮುತ್ತೈದೆ ಸತ್ತರೆ ಹನ್ನೊಂದನೆಯ ದಿನ ಅವಳ ಸಮಾಧಿಯ ಮೇಲೆ ತವರಿನ ಸೀರೆ ಹೊದಿಸಬೇಕು. ಇಲ್ಲದಿದ್ದರೆ ಅವಳು ತವರಿಲ್ಲದವಳಾಗಿ ಹೋದಳೆಂದು ಜನ ಅನ್ನುತ್ತಾರೆ. ಇಷ್ಟು ವರ್ಷ ಆ ಮಾತನ್ನು ಗಂಡನ ಮನೆಯಲ್ಲಿ ಕೇಳಿಸಿಕೊಂಡವಳು ಹಂಪಮ್ಮ. ಸತ್ತ ಮೇಲೂ ಕೇಳಿಸಬಾರದೆಂಬುದು ಅವಳ ಆಸೆ.

ಶಂಕರಯ್ಯನ ಕೈ ನಡುಗಲು ಹತ್ತಿ ಎರಡು ವರ್ಷವಾಗಿತ್ತು. ಮಗ್ಗಕ್ಕೆ ಕೂರುವವಳು ಶೇಖಮ್ಮನೇ. ಹಸಿರು ನೂಲಿನ ಹಾಸು ಏರಿಸಿದಳು. ಓಣಿಯವರಿಗೆ ಸಾಹುಕಾರರ ಸೀರೆ ಎಂದಳು. ದಿನಕ್ಕೆ ಮೂರು ಮೊಳ ನೇಯುವ ಕೈ ನಾಲ್ಕು ಬೆರಳು ನೇಯ್ದು ನಿಲ್ಲುತ್ತಿತ್ತು. ಸೀರೆ ಮಗ್ಗದ ಮೇಲಿರುವ ತನಕ ಅಕ್ಕ ಇರುತ್ತಾಳೆ ಎಂದು ಅವಳಿಗೆ ಹೇಗೋ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಗಂಡ ಕೇಳಿದರೆ, “ನೂಲು ಹಸಿ ಐತ್ರಿ, ಹರೀತದ,” ಎನ್ನುವಳು.

ಒಂದು ಮಂಗಳವಾರ ಅವಳು ಕುಣಿಯಲ್ಲಿ ಕೂತಿದ್ದಾಗ ಖಾಸಿಂಸಾಬ ಎರಡು ಲಕೋಟೆ ಕೊಟ್ಟು ಹೋದ. ಅವನು ಓದುವುದು ಕಚೇರಿಯವರು ಮೇಲೆ ಉರ್ದುವಿನಲ್ಲಿ ಗೀಚಿದ ವಿಳಾಸವಷ್ಟೇ, ಕನ್ನಡದ ಅಕ್ಷರ ಅವನಿಗೂ ಗೆರೆಗಳೇ. ಶಂಕರಯ್ಯ ಬೆಳಕಿಗೆ ಹಿಡಿದು ನೋಡಿದ.

“ಎರಡಕ್ಕೂ ಮೂಲಿ ಇಲ್ಲ. ಅಯ್ಯನೋರಿಗೆ ತೋರಿಸಲೇನು?”

ಹೊರಗೆ ಪೆಂಟಮ್ಮನ ಕೆಮ್ಮು ಕೇಳಿಸಿತು. ಶೇಖಮ್ಮ ಲಾಳಿ ಬಿಡಲಿಲ್ಲ. “ಮತ್ತೊಮ್ಮಿ ನಗಸಗೋಳಾಕೇನು? ಬುಟ್ಟಿಗೆ ಒಗೀರಿ.”

ಹತ್ತು ದಿನದ ಮೇಲೆ ಸೀರೆ ವ್ಯಾಪಾರದ ಉರುಕುಂದಪ್ಪ ಗದ್ವಾಲಿನಿಂದ ಬಂದ. ಕಟ್ಟೆಯ ಮೇಲೆ ಕೂತು ನೀರು ಕುಡಿದು, ಒಳಗೆ ಬಗ್ಗಿ ನೋಡಿದ. ಮಗ್ಗದ ಮೇಲಿನ ಸೀರೆಗೆ ಸೆರಗು ನೇಯುವುದಷ್ಟೇ ಉಳಿದಿತ್ತು.

“ಚಲೋ ಬಂದೈತಿ ಅಂಚು,” ಎಂದ. ಆಮೇಲೆ ತಡೆದು, “ಏನರ ಅನ್ರಿ ಅಕ್ಕ, ನೀವು ದಿನಕ್ಕ ಬರಬೇಕಾಗಿತ್ತು. ಜನ ಹಾದಿ ನೋಡಿ ನೋಡಿ ಎದ್ರು.”

“ಯಾರ ದಿನಕ್ಕ?”

ಉರುಕುಂದಪ್ಪ ಚೊಂಬು ಕೆಳಗಿಟ್ಟ. ಶಂಕರಯ್ಯನ ಮುಖ ನೋಡಿದ. “ಕಾಗದ ಹಾಕೀನಂದಾನ ನಿಮ್ಮಕ್ಕನ ಗಂಡ ದೇವೇಂದ್ರಪ್ಪ.”

ಶೇಖಮ್ಮ ಬುಟ್ಟಿಯನ್ನು ಅಂಗಳದಲ್ಲಿ ಸುರುವಿದಳು. ಹುಳಿತೇಗಿನವು, ಕೂದಲಿನವು, ಕೆಮ್ಮಿನವು. ಹುಡುಕಲು ಅವಳಿಗೆ ಓದು ಬೇಕಾಗಲಿಲ್ಲ. ಕಂಪನಿಯವರ ಮೂಲೆ ಕತ್ತರಿಯಿಂದ ಕತ್ತರಿಸಿದ್ದು, ನೇರವಾಗಿತ್ತು. ಒಂದು ಲಕೋಟೆಯ ಮೂಲೆ ಮಾತ್ರ ಕೈಯಿಂದ ಹರಿದದ್ದು, ಎಳೆ ಎಳೆ ಎದ್ದಿತ್ತು. ಹಾಸಿನಲ್ಲಿ ಒಂದೆಳೆ ತಪ್ಪಿದರೂ ಹಿಡಿಯುವ ಕಣ್ಣು ಅವಳದು. ಅಂದು ಎದ್ದು ಒಮ್ಮೆ ನೋಡಿದ್ದರೆ ಸಾಕಿತ್ತು.

ಕರಿಬಸಯ್ಯನವರು ಓದಿದರು. ಈ ಸಲ ಗಂಟಲು ಸರಿಮಾಡಿಕೊಳ್ಳಲಿಲ್ಲ. ಹಂಪಮ್ಮ ಶುಕ್ರವಾರ ಹೋದಳು, ಹನ್ನೊಂದರ ದಿನಕ್ಕೆ ತವರ ಸೀರೆ ತಗೊಂಡು ಬರ್ರಿ, ನಿಮ್ಮ ದಾರಿ ನೋಡುತ್ತೇವೆ, ಇಷ್ಟೇ. ಕಾಗದ ಮುಟ್ಟಿದಾಗ ಇನ್ನೂ ಏಳು ದಿನ ಉಳಿದಿದ್ದವು.

ಸುದ್ದಿ ಕಿವಿಗೆ ಬಿದ್ದ ದಿನದಿಂದಲೇ ಸೂತಕ, ಅದರಲ್ಲಿ ಮಗ್ಗ ಆಡಿಸುವಂತಿಲ್ಲ. ಶೇಖಮ್ಮ ಸೆರಗು ನೇಯದೆಯೇ ಸೀರೆಯನ್ನು ಕೊಯ್ದು ಕೆಳಗಿಳಿಸಿದಳು. ಮಕ್ತಲ್ ತನಕ ಮೋಟಾರು, ಅಲ್ಲಿಂದ ಬಂಡಿ, ಕೃಷ್ಣೆಗೆ ಹರಿಗೋಲು. ಹರಿಗೋಲಿನಲ್ಲಿ ಶಂಕರಯ್ಯ, “ಆ ಕ್ಯಾಲೆಂಡರಿನ ಆಸಿ ನಂದು,” ಎಂದ.

“ನಗೋರಿಗೆ ಅಂಜಿದಾಕಿ ನಾನು,” ಎಂದಳು ಅವಳು.

ದೇವೇಂದ್ರಪ್ಪ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಸಮಾಧಿಯ ಹತ್ತಿರ ಕರೆದೊಯ್ದು ತೋರಿಸಿದ. ಮಣ್ಣಿನ ಮೇಲೆ ಒಂದು ಹಳೆಯ ನೀಲಿ ಸೀರೆ ಹೊದಿಸಿತ್ತು.

“ಮಧ್ಯಾಹ್ನದ ತನಕ ನೋಡಿದ್ವಿ ಶೇಖವ್ವ. ಅಯ್ಯನೋರು ಹೊತ್ತಾತಂದ್ರು. ಆಗ ಪಕ್ಕದ ಮನಿ ಕುರುಮಮ್ಮ ಎದ್ದು, ನಾನ ಆಕಿ ತವರು ಅಂತ ತನ್ನ ಸೀರಿ ತಂದು ಹಾಕಿದ್ಲು.”

“ಇದನ್ನ ಮ್ಯಾಲ ಹಾಕಬಹುದೇನು ಮಾವ?”

“ಎರಡು ತವರ ಸೀರಿ ಹಾಕೂದಿಲ್ಲವ್ವ.”

ಶೇಖಮ್ಮ ಸೀರೆಯನ್ನು ಎದೆಗೆ ಹಿಡಿದು ಬಹಳ ಹೊತ್ತು ಅಲ್ಲೇ ಕೂತಳು. ಮಣ್ಣಿಗೆ ಏನೋ ಹೇಳಿದಳು, ಯಾರಿಗೂ ಕೇಳಿಸಲಿಲ್ಲ. ಹಿಂದಿರುಗುವಾಗ ಪಕ್ಕದ ಮನೆಯ ಬಾಗಿಲಿಗೆ ಹೋದಳು. ಕುರುಮಮ್ಮ ಮೈತುಂಬ ತೇಪೆಯ ಸೀರೆಯುಟ್ಟು ಜೋಳ ಕೇರುತ್ತಿದ್ದಳು. ನೀಲಿಯದೇ ಅವಳ ಒಳ್ಳೆಯ ಸೀರೆಯಾಗಿತ್ತೆಂದು ಕಂಡೊಡನೆ ತಿಳಿಯಿತು. ಶೇಖಮ್ಮ ಹಸಿರು ಸೀರೆಯನ್ನು ಅವಳ ಮಡಿಲಿಗಿಟ್ಟು ಕಾಲು ಹಿಡಿದಳು.

“ಸೆರಗಿಲ್ಲಕ್ಕ. ಒಂದು ಮೊಳ ಕಡಿಮಿ ಐತಿ.”

ಕುರುಮಮ್ಮ ಬಟ್ಟೆ ಸವರಿ ನೋಡಿ, “ನಾ ಗಿಡ್ಡಾಕಿ. ನನಗ ಸಾಕಾಗ್ತದ, ಏಳವ್ವ,” ಎಂದಳು.

ಊರಿಗೆ ಬಂದ ಮೇಲೆ ಶಂಕರಯ್ಯ ಗೋಡೆಯ ಕ್ಯಾಲೆಂಡರು ಇಳಿಸಿದ. ಕಂಪನಿಯವರಿಗೆ ಅದೇನು ಗೊತ್ತು? ಮುಂದಿನ ತಿಂಗಳೂ ಲಕೋಟೆ ಬಂತು. ಖಾಸಿಂಸಾಬನೇ ದೂರ ನಿಂತು ಕೇಳಿದ: “ಕಂಪನಿದೈತಿ ಅಮ್ಮಾ. ನಾನೇ ಹರಿದು ಒಗೀಲೇನು?”

“ಬ್ಯಾಡಪ್ಪ. ಕೊಡು.”

ಅವಳು ಅದನ್ನು ಒಳಗೊಯ್ಯಲಿಲ್ಲ. ಕರಿಬಸಯ್ಯನವರನ್ನು ಕರೆಸಿ, ಸೆರಗು ತಲೆಗೆ ಹೊದ್ದು ಮೆಟ್ಟಿಲ ಕೆಳಗೆ ನಿಂತಳು. ಅವರು ಓದಿದರು. ಕೂದಲು ಉದುರುವುದು ನಿಲ್ಲುತ್ತದೆ, ಕಣ್ಣು ತಂಪಾಗುತ್ತದೆ, ಒಳ್ಳೆಯ ನಿದ್ದೆ ಬರುತ್ತದೆ. ಪೆಂಟಮ್ಮ ತನ್ನ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ನಗಲಿಲ್ಲ.

“ಮುಗೀತವ್ವ.”

“ಕೆಳಗ ಸಣ್ಣದಾಗಿ ಏನೋ ಐತಲ್ರಿ ಅಯ್ಯನೋರ?”

“ಅದು ಅಚ್ಚು ಹಾಕಿದವರ ಹೆಸರು.”

“ಅದನ್ನೂ ಓದ್ರಿ.”

ಅವರು ಓದಿದರು. ಶೇಖಮ್ಮ ಕಾಗದವನ್ನು ಚೂರು ಮಾಡಿ ಒಗೆದು, ಕಾಲು ತೊಳೆದುಕೊಂಡು ಒಳಗೆ ಹೋದಳು.