ಎರಡನೇ ಬಡಿತ

ಗುಜರಿ ಅಂಗಳದಲ್ಲಿ ನಮ್ಮ ಕೆಲಸ ಬಡಿಯುವುದು. ಲಾರಿಯಿಂದ ಬಿದ್ದ ಹಳೆ ಕಬ್ಬಿಣದ ಪ್ರತಿ ತುಂಡನ್ನೂ ಸುತ್ತಿಗೆಯಿಂದ ಬಡಿದು ಕಿವಿಗೊಡಬೇಕು. ಗಟ್ಟಿ ತುಂಡು ಟಣ್ ಎನ್ನುತ್ತದೆ. ಬಾಯಿ ತೆರೆದ ಕೊಳವೆ ಗಂಟೆಯ ಹಾಗೆ ಸ್ವಲ್ಪ ಹೊತ್ತು ಗುಂಯ್‌ಗುಡುತ್ತದೆ. ಎರಡೂ ತುದಿ ಮುಚ್ಚಿಕೊಂಡು ಒಳಗೆ ನೀರು ಕೂತಿದ್ದರೆ ಮಾತ್ರ ದಪ್ ಎಂದು ಸದ್ದು ಅಲ್ಲೇ ಸಾಯುತ್ತದೆ. ಅಂಥದ್ದನ್ನು ಪಕ್ಕಕ್ಕೆ ಎಸೆಯಬೇಕು. ಅದು ಕುಲುಮೆಗೆ ಹೋದರೆ ಒಳಗಿನ ನೀರು ಆವಿಯಾಗಿ ಕೊಳವೆ ಬಾಂಬಿನ ಹಾಗೆ ಸಿಡಿಯುತ್ತದೆ. ಕರಗಿದ ಲೋಹ ಚಿಮ್ಮಿ ಕುಲುಮೆಯ ಪಕ್ಕದ ಕಟ್ಟೆಯ ಮೇಲೆ ನಿಂತವರ ಮೈಮೇಲೆ ಬೀಳುತ್ತದೆ. ಆ ಕಟ್ಟೆಯ ಮೇಲೆ ನಿಲ್ಲುವವರಲ್ಲಿ ನನ್ನ ಅಣ್ಣನೂ ಒಬ್ಬ.

ಬಡಿದು ನೋಡಿದ ತುಂಡಿಗೆ ಸೀಮೆಸುಣ್ಣದ ಗುರುತು ಹಾಕುತ್ತೇವೆ. ನನ್ನದು ಗೀಟು, ದೊಡ್ಡಮ್ಮನದು ಸೊನ್ನೆ.

ದೊಡ್ಡಮ್ಮ ನನಗೆ ರಕ್ತಸಂಬಂಧಿಯಲ್ಲ. ಅಂಗಳದವರೆಲ್ಲ ಅವಳನ್ನು ಕರೆಯುವುದೇ ಹಾಗೆ. ಶಾಲೆ ಬಿಟ್ಟು ಮನೆಯ ಮೂಲೆ ಹಿಡಿದಿದ್ದ ನನ್ನನ್ನು ಕೈಹಿಡಿದು ಇಲ್ಲಿಗೆ ಕರೆತಂದವಳು, ಸುತ್ತಿಗೆ ಹಿಡಿಯಲು ಕಲಿಸಿದವಳು ಅವಳೇ. ಬೆಳಿಗ್ಗೆ ಗೇಟು ದಾಟಿದರೆ ಸಂಜೆಯವರೆಗೂ ಅವಳ ಬಾಯಿಗೆ ಬಿಡುವಿಲ್ಲ. ನಾನು ಮಾತು ಕಡಿಮೆ, ಅವಳು ನನ್ನ ಪಾಲಿನದನ್ನೂ ಆಡುತ್ತಾಳೆ ಎಂದು ಎಲ್ಲರೂ ನಗುತ್ತಿದ್ದರು. ಅವಳು ಯಾಕೆ ಅಷ್ಟು ಮಾತಾಡುತ್ತಾಳೆ ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ. ತಾನೇ ಮಾತಾಡುತ್ತಿದ್ದರೆ ಬೇರೆಯವರ ಮಾತಿಗೆ ಉತ್ತರ ಕೊಡುವ ಕಷ್ಟವಿಲ್ಲ. ಲಾರಿ ಹಿಂದಕ್ಕೆ ಬರುತ್ತಾ ಕೂಗಿದರೂ ಅವಳು ತಿರುಗುವುದಿಲ್ಲ ಎಂದು ಒಂದು ದಿನ ಗಮನಿಸಿದೆ. ಆಮೇಲೆ ಅವಳ ಸುತ್ತಿಗೆಯನ್ನು ಗಮನಿಸಿದೆ. ಬಡಿಯುತ್ತಿದ್ದಳು, ಸೊನ್ನೆ ಹಾಕುತ್ತಿದ್ದಳು, ಅಷ್ಟೆ. ಎರಡರ ನಡುವೆ ತಲೆ ವಾಲಿಸಿ ಕೇಳುವ ಒಂದು ಗಳಿಗೆ ಇರುತ್ತದಲ್ಲ, ಅದು ಇರಲಿಲ್ಲ.

ನಾನು ಯಾರಿಗೂ ಹೇಳಲಿಲ್ಲ. ಹೇಳುವ ಹಾಗೂ ಇರಲಿಲ್ಲ. ಹೊರಗಿನಿಂದ ಅಗ್ಗದ ಉಕ್ಕು ಬಂದು, ಈ ಗುಜರಿ ಕರಗಿಸಿ ಮಾಡುವ ನಮ್ಮ ಕಂಬಿಗಳನ್ನು ಕೇಳುವವರಿಲ್ಲದಂತಾಗಿ, ಎರಡು ಕುಲುಮೆಗಳಲ್ಲಿ ಒಂದನ್ನು ಆಗಲೇ ಆರಿಸಿದ್ದರು. ಅದರ ಬಾಯಿಯೊಳಗೆ ಈಗ ಬೆಕ್ಕು ಮರಿ ಹಾಕಿದೆ. ಅಣ್ಣ ಅಲ್ಲಿ ಮೇಸ್ತ್ರಿಯಾಗಿದ್ದವನು ಈ ಕುಲುಮೆಗೆ ಕೂಲಿಯಾಗಿ ಬಂದ. ಅಂಗಳದ ತುಂಬ ಇದ್ದ ಹೆಂಗಸರಲ್ಲಿ ಉಳಿದವರು ನಾವಿಬ್ಬರೇ. ತಿಂಗಳ ಕೊನೆಗೆ ನಮ್ಮಲ್ಲೂ ಒಬ್ಬರನ್ನು ಕೆಲಸದಿಂದ ಬಿಡಿಸುತ್ತೇವೆ ಎಂದು ಮೀಟರ್ ಸಾಹೇಬರು ಹೇಳಿಯಾಗಿತ್ತು. ಅವರು ನಮ್ಮ ಸೂಪರ್‌ವೈಸರ್. ಯಾವಾಗಲೂ ಕುಲುಮೆಯ ಕರೆಂಟಿನ ಮೀಟರ್ ಮುಂದೆಯೇ ನಿಂತಿರುವುದರಿಂದ ಆ ಹೆಸರು. ಮನೆಯಲ್ಲಿ ಹೆಂಡತಿ ನಕ್ಕರೂ ಎಷ್ಟು ಯೂನಿಟ್ ಆಯಿತು ಎಂದು ಕೇಳುತ್ತಾರೆ ಎಂದು ಅಣ್ಣ ತಮಾಷೆ ಮಾಡುತ್ತಿದ್ದ.

ಇಂಥ ಹೊತ್ತಿನಲ್ಲಿ ದೊಡ್ಡಮ್ಮನಿಗೆ ಕಿವಿ ಕೇಳಿಸುವುದಿಲ್ಲ ಎಂದು ನಾನು ಬಾಯಿಬಿಟ್ಟರೆ, ನನ್ನ ಹೊಟ್ಟೆಪಾಡಿಗೆ ಅವಳ ಅನ್ನಕ್ಕೆ ಕಲ್ಲು ಹಾಕಿದ ಹಾಗೆ. ಅದಕ್ಕೇ ಒಂದು ದಾರಿ ಮಾಡಿಕೊಂಡೆ. ಅವಳು ಸೊನ್ನೆ ಹಾಕಿ ಮುಂದೆ ಹೋದಮೇಲೆ ನಾನು ಹಿಂದಿನಿಂದ ಅದೇ ತುಂಡನ್ನು ಮತ್ತೊಮ್ಮೆ ಬಡಿಯುತ್ತಿದ್ದೆ. ದಪ್ ಎಂದದ್ದನ್ನು ಎತ್ತಿ ಎಸೆಯುತ್ತಿದ್ದೆ. ಅವಳು ಹಿಂದಿರುಗಿ ನೋಡುತ್ತಿರಲಿಲ್ಲ.

ಆ ದಿನ ಬೆಳಿಗ್ಗೆ ಯಾವುದೋ ಕಾರ್ಖಾನೆಯ ಹಳೆ ಬೇಲಿ ಬಂದು ಬಿತ್ತು. ಎಲ್ಲ ಕಂಬಗಳೇ. ಕೆಲವು ಗಟ್ಟಿ, ಕೆಲವು ಕೊಳವೆ. ತುದಿಗಳಲ್ಲಿ ಮಣ್ಣು ತುಕ್ಕು ಕಟ್ಟಿ, ಕಣ್ಣಿಗೆ ಎಲ್ಲವೂ ಒಂದೇ. ಅರ್ಧ ರಾಶಿ ಮುಗಿದಿತ್ತು, ಮೀಟರ್ ಸಾಹೇಬರು ಹಿಂದಿನಿಂದ ನನ್ನನ್ನು ಕೂಗಿ, ಆರಿದ ಕುಲುಮೆಯ ಶೆಡ್ಡಿಗೆ ಹೋಗಿ ಹಳೆ ಮೋಟಾರುಗಳ ತಾಮ್ರದ ತಂತಿ ಬಿಚ್ಚು ಎಂದರು. ಅದನ್ನು ಮಾರಿ ಈ ತಿಂಗಳ ಸಂಬಳ ಕೊಡಬೇಕಂತೆ. ಹೋದೆ. ಅವರಿಗೆ ಎದುರಾಡಿ ನನಗೆ ಅಭ್ಯಾಸವಿಲ್ಲ.

ತಂತಿ ಎಳೆಯುತ್ತಿದ್ದರೂ ನನ್ನ ಕಿವಿ ಅಂಗಳದಲ್ಲೇ ಇತ್ತು. ದೊಡ್ಡಮ್ಮನ ಸುತ್ತಿಗೆ ಬಿಡದೆ ಬಡಿಯುತ್ತಿತ್ತು. ಅದರ ಹಿಂದೆ ಎರಡನೇ ಬಡಿತ ಇರಲಿಲ್ಲ. ಎಲ್ಲ ರಾಶಿಯಲ್ಲೂ ಮುಚ್ಚಿದ ಕೊಳವೆ ಇರುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆಮೇಲೆ ಸುತ್ತಿಗೆ ನಿಂತಿತು. ಕ್ರೇನಿನ ಗಂಟೆ ಹೊಡೆಯಿತು. ಶೆಡ್ಡಿನ ಬಾಗಿಲಿಂದ ನೋಡಿದರೆ, ಬೇಲಿ ಕಂಬಗಳನ್ನು ತುಂಬಿದ ದೊಡ್ಡ ಬುಟ್ಟಿ ಮೇಲೇರಿ ಕುಲುಮೆಯ ಕಡೆ ಹೊರಟಿತ್ತು. ಕುಲುಮೆಯ ಮುಚ್ಚಳ ಸರಿದಿತ್ತು. ಕೆಂಪು ಬೆಳಕಿನ ಎದುರು ಅಣ್ಣನ ಬೆನ್ನು ಕಾಣುತ್ತಿತ್ತು.

ಕೂಗಿದರೂ ಕ್ರೇನು, ಕುಲುಮೆಯ ಸದ್ದಿನಲ್ಲಿ ಯಾರಿಗೂ ಕೇಳಿಸುವುದಿಲ್ಲ. ಆದರೆ ನಮ್ಮಲ್ಲಿ ಒಂದು ಕಟ್ಟಳೆ ಇದೆ. ಯಾರಾದರೂ ಸರಿ, ಕಸ ಗುಡಿಸುವವರಾದರೂ ಸರಿ, ತಲೆಯ ಮೇಲೆ ಎರಡೂ ಕೈಗಳನ್ನು ಅಡ್ಡ ಮಾಡಿ ಹಿಡಿದರೆ ಕ್ರೇನಿನವನು ನಿಲ್ಲಿಸಲೇಬೇಕು. ಯಾಕೆ ಎಂದು ಆಮೇಲೆ ಕೇಳಬೇಕು. ಹಿಂದೆ ಒಬ್ಬಳು ಸುಮ್ಮಸುಮ್ಮನೆ ಹಾಗೆ ಮಾಡಿದ್ದಕ್ಕೆ ಮಾರನೇ ವಾರ ಅವಳನ್ನು ಕೆಲಸಕ್ಕೆ ಕರೆಯಲಿಲ್ಲ. ನಾನು ಓಡಿದೆ. ಅಂಗಳದ ನಡುವೆ ನಿಂತು ಕೈ ಎತ್ತಿದೆ.

ಬುಟ್ಟಿ ಕುಲುಮೆಯ ಬಾಯಿಯ ಮೇಲೆ ಬಂದು ನಿಂತು ತೂಗಾಡಿತು.

ಎಲ್ಲರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ಮೀಟರ್ ಸಾಹೇಬರು ಓಡಿಬಂದರು. ತೆರೆದ ಕುಲುಮೆಯಿಂದ ಶಾಖ ಸುಮ್ಮನೆ ಹಾರಿಹೋಗುತ್ತಿತ್ತು. ಅವರ ಮುಖ ನೋಡಿದರೆ ಅದು ಅವರ ಜೇಬಿನಿಂದಲೇ ಹಾರುತ್ತಿದೆ ಅನ್ನಿಸುತ್ತಿತ್ತು. ಏನಾಯಿತು ಎಂದು ಕೇಳಿದರು. ಇನ್ನೊಮ್ಮೆ ಕೇಳಿದರು. ನನ್ನಿಂದ ಬಂದದ್ದು ಒಂದೇ ಮಾತು.

"ಬುಟ್ಟಿ ಇಳಿಸಿ ಸಾರ್."

ಇಳಿಸಿದರು. ಕಂಬಗಳನ್ನೆಲ್ಲ ನೆಲಕ್ಕೆ ಸುರಿದು, ಕಟ್ಟೆಯ ಮೇಲಿನವರೂ ಬಂದು ಬಡಿಯತೊಡಗಿದರು. ಟಣ್, ಗುಂಯ್, ಟಣ್. ಏನೂ ಸಿಗಲಿಲ್ಲ. ಅಣ್ಣ ನನ್ನ ಪಕ್ಕ ಬಂದು, ತಗ್ಗಿದ ದನಿಯಲ್ಲಿ, "ನಿಂಗೆ ತಲೆಗಿಲೆ ಕೆಟ್ಟಿದೆಯೇನೇ? ಇಬ್ಬರದ್ದೂ ಕೆಲಸ ಹೋಗುತ್ತೆ" ಎಂದ. ಹಾಗೆ ಹೇಳುತ್ತಲೇ ಕಾಲ ಬಳಿಯಿದ್ದ ಕಂಬವೊಂದನ್ನು ಬಡಿದ.

ದಪ್.

ಅವನು ಮತ್ತೊಮ್ಮೆ ಬಡಿಯಲಿಲ್ಲ. ಉಳಿ ಇಟ್ಟು ತೂತು ಮಾಡಿದ. ಕಂದು ಬಣ್ಣದ ನೀರು ನಿಧಾನವಾಗಿ ಹೊರಬಂದು ಅವನ ಬೂಟಿನ ಸುತ್ತ ಹರಡಿತು. ಕಂಬದ ಮೇಲೆ ದುಂಡಗೆ ಒಂದು ಸೊನ್ನೆ ಇತ್ತು.

ಇದು ಯಾರ ಗುರುತು ಎಂದು ಮೀಟರ್ ಸಾಹೇಬರು ಕೇಳಿದರು. ನಾನು ಬಾಯಿ ತೆರೆದೆ. ನನ್ನದು ಎನ್ನುತ್ತಿದ್ದೆನೋ, ಅವಳದು ಎನ್ನುತ್ತಿದ್ದೆನೋ, ನನಗೆ ಇವತ್ತಿಗೂ ತಿಳಿಯದು. ಅಷ್ಟರಲ್ಲಿ ಗುಂಪನ್ನು ಸರಿಸಿಕೊಂಡು ದೊಡ್ಡಮ್ಮ ಬಂದಳು. ಕಂಬ ನೋಡಿದಳು, ನೀರು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ನಂದು ಸಾರ್," ಎಂದಳು. "ನಂಗೆ ಕಿವಿ ಹೋಗಿ ಬಹಳ ದಿನ ಆಯ್ತು. ಈ ಹುಡುಗಿ ನನ್ನ ಹಿಂದೆ ಇನ್ನೊಂದ್ಸಲ ಬಡೀತಾ ಬರ್ತಿದ್ಲು. ನಂಗೆ ಗೊತ್ತಿಲ್ಲ ಅಂದ್ಕೊಂಡಿದ್ಲು, ಪಾಪ. ಕಾಲ ಕೆಳಗಿನ ನೆಲ ಅದುರಿದ್ರೆ ಗೊತ್ತಾಗಲ್ವಾ? ಇವತ್ತು ಲಾರಿಗಳ ಅದುರಾಟದಲ್ಲಿ ಅದೊಂದು ತಿಳೀಲಿಲ್ಲ. ನೀವು ಇವಳನ್ನ ಕರೆದದ್ದು ನಂಗೆ ಕೇಳಿಸ್ಲಿಲ್ಲ. ಹಿಂದೇನೇ ಇದ್ದಾಳೆ ಅಂತ ಸೊನ್ನೆ ಹಾಕ್ತಾ ಹೋದೆ."

ಸುತ್ತಿಗೆಯನ್ನು ನನ್ನ ಕೈಗಿಟ್ಟಳು. ಅದರ ಹಿಡಿ ಇನ್ನೂ ಬೆಚ್ಚಗಿತ್ತು. ಮೊದಲ ಬಾರಿಗೆ, ಏನೂ ಮಾತಾಡದೆ ಗೇಟಿನ ಕಡೆ ನಡೆದಳು.

ಸಂಜೆ ಮೀಟರ್ ಸಾಹೇಬರು ನನ್ನನ್ನು ಕರೆದರು. ಬೈಯಲಿಲ್ಲ. ನನ್ನ ಮುಖ ನೋಡದೆ, ನಾಳೆಯಿಂದ ಅಂಗಳ ನಿನ್ನೊಬ್ಬಳದೇ ಎಂದರು. ನಾನು ಅಲ್ಲೇ ನಿಂತಿದ್ದೆ.

"ಸಾರ್, ನನ್ನ ಹಿಂದೆ ಯಾರು ಬಡೀತಾರೆ?"

ಅವರು ಮೀಟರ್ ಕಡೆ ತಿರುಗಿದರು. "ಈ ಕುಲುಮೆ ಉರೀತಾ ಇರಲಿ ಅಂತ ಬೇಡ್ಕೊಳಮ್ಮ" ಎಂದರು. ಅವರ ದನಿಯಲ್ಲೂ ಹೆದರಿಕೆಯೇ ಇತ್ತು.

ಈಗ ಪ್ರತಿ ತುಂಡನ್ನೂ ಎರಡು ಸಲ ಬಡಿಯುತ್ತೇನೆ. ಸಂಜೆಗೆ ತಲೆಯೊಳಗೆ ಸಣ್ಣಗೆ ಗುಂಯ್ ಎನ್ನುತ್ತಿರುತ್ತದೆ, ಮಲಗಿದರೂ ನಿಲ್ಲುವುದಿಲ್ಲ. ಮೊನ್ನೆ ಒಲೆಯ ಮುಂದೆ ಇದ್ದಾಗ ಅಣ್ಣ ಏನೋ ಅಂದ. "ಏನು?" ಎಂದೆ. ಅವನ ಕೈಯಲ್ಲಿದ್ದ ಲೋಟ ಅರ್ಧದಲ್ಲೇ ನಿಂತಿತು.

ಅಂದಿನಿಂದ ಅವನು ಒಂದು ಆಟ ಹೂಡಿದ್ದಾನೆ. ದಿನಾ ಸಂಜೆ ಬಾಗಿಲ ಹಿಂದೆ ನಿಂತು ಪಿಸುಗುಟ್ಟುತ್ತಾನೆ, ನಾನು ಒಲೆಯ ಬಳಿಯಿಂದ ಉತ್ತರ ಕೊಡಬೇಕು. ಮೂದೇವಿ, ಕೋತಿ ಎಂದು ಏನೇನೋ ಅನ್ನುತ್ತಾನೆ; ನಾನು ಬೈದರೆ ನಗುತ್ತಾನೆ. ನಿನ್ನೆಯೂ ಬಾಗಿಲ ಹಿಂದೆ ಹೋಗಿ ನಿಂತ. ನಾನು ಕಾದೆ. ಅವನು ಈಚೆಗೆ ಬಂದಾಗ ನಗುತ್ತಿರಲಿಲ್ಲ. ನೀನು ಏನಾದರೂ ಅಂದೆಯಾ ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ.