ಪ್ರಾಗಿನ ಗೋರಿ ಸ್ವಚ್ಛ ಮಾಡಿದ್ದು

"ಇಂಥಾ ಸುಳ್ಳು ಬರಿಯಾಕ ನಿಮಗ ಕೈಯರ ಹೆಂಗ ಬಂತು, ಮಾಮಾ?"

"ಏ, ದನಿ ಇಳಸು. ಕೆಳಗ ಕೋಚಿಂಗಿನ ಹುಡುಗ್ರು ಕೇಳಾಕತ್ತಾವ."

"ಕೇಳ್ಲಿ ಬಿಡ್ರಿ. ಬೇಕಾದ್ರ ತೆಲುಗಿನ್ಯಾಗೂ ಹೇಳ್ತೀನಿ!"

ಹರ್ಷದಾ ನನ್ನ ಅಕ್ಕನ ಮಗಳು. ಹೈದರಾಬಾದಿನ ನಾರಾಯಣಗೂಡದಲ್ಲಿ ನನ್ನದೊಂದು ಪ್ರವಾಸದ ಕಚೇರಿ ಇದೆ. ನಮ್ಮ ಕಡೆಯ ನಿವೃತ್ತ ನೌಕರರನ್ನು, ಅಂಗಡಿಯವರನ್ನು ಕರೆದುಕೊಂಡು ವರ್ಷಕ್ಕೆರಡು ಸಲ ಯುರೋಪಿಗೆ ಹೋಗುತ್ತೇನೆ. ರೊಟ್ಟಿ, ಚಟ್ನಿ, ಟಿಕೆಟ್ಟು ನನ್ನ ಪಾಲು. ಊರು ತೋರಿಸಿ ವಿವರಿಸುವುದು ಅವಳ ಪಾಲು. ಪ್ರಾಗಿನ ಯಹೂದಿ ಕೇರಿಯ ಬಗ್ಗೆ ಅವಳು ಮೂರು ವರ್ಷ ಓದಿದ್ದಳು. ಅಲ್ಲೊಂದು ಹಳೆಯ ಪ್ರಾರ್ಥನಾ ಮಂದಿರದ ಗೋಡೆ ತುಂಬ ಹೆಸರುಗಳಿವೆ. ಎಲ್ಲ ಹಿಟ್ಲರನ ಕಾಲದಲ್ಲಿ ಕೊಲ್ಲಲ್ಪಟ್ಟವರವು. ಈ ಸಲ ಅವಳು ಹೇಳುವಾಗ ನಮ್ಮ ಗುಂಪಿನ ಗಂಗೂಬಾಯಿಯಂಥ ಬಾಯಿಬಡುಕಿಯೂ ಸುಮ್ಮನೆ ನಿಂತಿದ್ದಳು.

ಅಲ್ಲಿಂದ ಅವರ ಸ್ಮಶಾನಕ್ಕೆ ಹೋದೆವು. ಬಸ್ಸಿನಲ್ಲಿ ಹರ್ಷದಾ ಮೈಕ್ ಹಿಡಿದು ಏನೋ ಹೇಳುತ್ತಿದ್ದಳು. ನಾನು ಹಿಂದೆ ಕೂತು ರೊಟ್ಟಿ ಹಂಚುತ್ತಿದ್ದೆ, ಕೇಳಲಿಲ್ಲ.

ಒಂದು ಗೋರಿಯ ಮೇಲೆ ಹತ್ತಿಪ್ಪತ್ತು ಹರಳುಕಲ್ಲು ಬಿದ್ದಿದ್ದವು. ಯಾರೋ ಕಿಡಿಗೇಡಿಗಳು ಒಗೆದಿದ್ದಾರೆಂದು ನನಗೆ ಸಿಟ್ಟು ಬಂತು. ನಮ್ಮಲ್ಲಿ ಹೂಳುವ ಪದ್ಧತಿ. ಊರಿಗೆ ಹೋದಾಗಲೆಲ್ಲ ನಮ್ಮಪ್ಪನ ಗದ್ದುಗೆ ಗುಡಿಸಿ, ವಿಭೂತಿ ಹಚ್ಚಿಯೇ ನೀರು ಕುಡಿಯುವವನು ನಾನು. ಟವೆಲಿನಿಂದ ಕಲ್ಲುಗಳನ್ನೆಲ್ಲ ಕೆಳಗೆ ತಳ್ಳಿದೆ. ನೀರು ಹಾಕಿ ಒರೆಸಿದೆ. ಚೀಲದಿಂದ ವಿಭೂತಿ ತೆಗೆದು ಮೂರು ಬೆರಳು ಎಳೆದೆ. ನಮ್ಮ ಮಂದಿ ಕೈಮುಗಿದರು. "ಸಿದ್ದರಾಮಪ್ಪನೋರಿಗೆ ಯಾವ ದೇಶದ ಹೆಣ ಆದರೂ ಹಿರ್ಯಾರ" ಎಂದು ಗಂಗೂಬಾಯಿ ಹೊಗಳಿದಳು.

ಹಿಂದೆ ಒಬ್ಬ ಮುದುಕ ನಿಂತಿದ್ದ. ಅವನು ಬೈಯಲಿಲ್ಲ. ಮೊಣಕಾಲೂರಿ ಕಲ್ಲುಗಳನ್ನು ಒಂದೊಂದೇ ಹುಡುಕಿ ಮತ್ತೆ ಮೇಲಿಟ್ಟ. ಹರ್ಷದಾ ಓಡಿ ಬಂದು ಅವನ ಜೊತೆ ಕೂತು ಆರಿಸಿದಳು. ನೋಡಲು ಬಂದವರು ಬಂದ ಗುರುತಿಗೆ ಇಟ್ಟು ಹೋಗುವ ಕಲ್ಲಂತೆ ಅವು. ಅದು ಅವನ ಅಜ್ಜಿಯ ಗೋರಿ. ಯುದ್ಧಕ್ಕೆ ಮೊದಲೇ ಸತ್ತಿದ್ದರಿಂದ ಆಕೆಗೆ ಗೋರಿಯಾದರೂ ಸಿಕ್ಕಿತ್ತು. ಆಮೇಲೆ ಮನೆಯ ಹನ್ನೊಂದು ಜನರನ್ನು ರೈಲಿನಲ್ಲಿ ಒಯ್ದರು. ಅವರು ಎಲ್ಲಿ ಬೂದಿಯಾದರೋ ಗೊತ್ತಿಲ್ಲ. ಅವನು ಹನ್ನೆರಡು ಜನರಿಗೂ ಅಲ್ಲೇ ಕಲ್ಲಿಡುತ್ತಿದ್ದನಂತೆ.

ನಾನು ನಿಂತೇ ಇದ್ದೆ.

ಹೈದರಾಬಾದಿಗೆ ಮರಳಿದ ಮೇಲೆ, ಪ್ರಾಗಿನಲ್ಲಿ ನಮಗೆ ಬಸ್ಸು ಗೊತ್ತು ಮಾಡುವವರಿಂದ ಕಾಗದ ಬಂತು. ಸ್ಮಶಾನದವರು ದೂರಿದ್ದಾರೆ, ಯಾರು ಮಾಡಿದರು, ಯಾಕೆ ಎಂದು ಕೇಳಿದ್ದರು. 'ನಮ್ಮ ಗೈಡ್ ಮೊದಲೇ ತಿಳಿಸಲಿಲ್ಲ, ಒಬ್ಬ ಪ್ರವಾಸಿ ತಿಳಿಯದೆ ಮಾಡಿದ' ಎಂದು ಗುಮಾಸ್ತ ನಿತಿನನಿಂದ ಬರೆಸಿ ಸಹಿ ಹಾಕಿದೆ. ಇನ್ನು ಮುಂದೆ ಹರ್ಷದಾ ಪ್ರಾಗಿಗೆ ಯಾವ ಗುಂಪನ್ನೂ ಕರೆತರಬಾರದು ಎಂದು ಈ ಜಗಳದ ದಿನ ಬೆಳಿಗ್ಗೆ ಉತ್ತರ ಬಂದಿತ್ತು.

"ನಾ ಬಸ್ಸಿನ್ಯಾಗ ಹೇಳಿದ್ದೆ. ಎರಡು ಸಲ ಹೇಳಿದ್ದೆ," ಎಂದಳು.

"ಹೇಳಿರಬಹುದು."

"ಇರಬಹುದಲ್ರೀ, ಹೇಳೀನಿ! ಆ ಊರು ಬಿಟ್ರ ನನಗ ಬ್ಯಾರೆ ಏನ್ ಕೆಲಸ ಐತಿ? ಒಂದು ಸಾಲು ಬರೀರಿ ಮಾಮಾ. ಮಾಡಿದಾಂವ ನಾನ ಅಂತ. ಅಷ್ಟ."

"ಮಾಲೀಕನ ಇಂಥಾ ಕೆಲಸ ಮಾಡ್ಯಾನ ಅಂದ್ರ ಮುಂದಿನ ಗುಂಪಿಗೆ ಯಾರ್ ಬರ್ತಾರ?"

"ಆ ಅಜ್ಜ ನಿಮಗ ಒಂದು ಮಾತು ಅನ್ನಲಿಲ್ಲ. ಅವನ ಸಲುವಾಗಿಯರ ಖರೇ ಹೇಳ್ರಿ."

ನಿತಿನ ಕಂಪ್ಯೂಟರಿನಿಂದ ತಲೆಯೆತ್ತಿ ನನ್ನ ಕಡೆ ನೋಡಿದ. ಬರೆಯಲೇ ಎಂಬಂತೆ ಬೆರಳು ಕೀಲಿಮಣೆಯ ಮೇಲಿಟ್ಟ. ನನಗೆ ಸಿಟ್ಟೂ ಬರಲಿಲ್ಲ. ಅದೇ ನನಗೆ ವಿಚಿತ್ರವೆನಿಸಿತು. ಸಣ್ಣ ಮಾತಿಗೂ ಮೇಜು ಗುದ್ದುವವನು ನಾನು.

"ಅದಿರ್ಲಿ, ನಾಂಪಲ್ಲಿ ಸ್ಟೇಶನ್ನಿಗೆ ಹೋಗಿ ಮುಂದಿನ ಗುಂಪಿನ ರೈಲು ಟಿಕೆಟ್ ತಗೊಂಬಾ," ಎಂದು ನಿತಿನನಿಗೆ ಹೇಳಿದೆ.

ಹರ್ಷದಾ ಕಚೇರಿಯ ಕೀಲಿಕೈ ಬಿಚ್ಚಿ ಮೇಜಿನ ಮೇಲಿಟ್ಟಳು. ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದಳು. ಊಟದ ಹೊತ್ತಿಗೆ ಬರುತ್ತಾಳೆ ಅಂದುಕೊಂಡೆ. ಆಮೇಲೆ, ನಾಳೆ ಬರುತ್ತಾಳೆ ಅಂದುಕೊಂಡೆ. ಅವಳು ಬರಲಿಲ್ಲ.